ರಜೆ ಬಂದರೂ ಜೊತೆ ತಪ್ಪದಿರಲಿ: ಎಕ್ಕಂಬಿಯಿಂದ ಕೆಲವು ಕಿವಿಮಾತು

2020ರ ಮಾರ್ಚ್ 11ಕ್ಕೆ ಶಿರಸಿಯ ಮಾರಿಕಾಂಬಾ ಜಾತ್ರೆ ಮುಗಿಯಿತು. ನಮ್ಮ ಎಕ್ಕಂಬಿ ಕಡೆಯ ಮಕ್ಕಳೂ ಬಸ್ಸು ಹತ್ತಿ ಹೋಗಿ, ತೊಟ್ಟಿಲು ಏರಿ, ಪೀಪಿ ಊದುತ್ತ ಬಂದಿದ್ದವು. ಜಾತ್ರೆಯಲ್ಲಿ ಕೊಂಡ ಆಟಿಕೆ ಮುರಿಯುವ ಮೊದಲೇ ಕೊರೊನಾ ಬಂದು ಶಾಲೆಗೆ ಬೀಗ ಬಿತ್ತು. ಆ ವರ್ಷ ಒಂದನೇ ಕ್ಲಾಸಿಗೆ ಹೆಸರು ಹಚ್ಚಿದ ಕೂಸಿಗೆ ಶಾಲೆಯ ಬಾಗಿಲು ಸರಿಯಾಗಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಅದು ಎರಡನೇ ಕ್ಲಾಸು. ಆರರಿಂದ ಎಂಟನೆಯವರಿಗೆ ಸೆಪ್ಟೆಂಬರ್ 6, ಒಂಬತ್ತರ ಮೇಲಿನವರಿಗೆ ಆಗಸ್ಟ್ 23. ನಡುವೆ ಕೆಲವು ತಿಂಗಳು ತೆರೆದದ್ದು, ಎರಡನೇ ಅಲೆಗೆ ಮತ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ.

ಕೊರೊನಾ ಹೋಯಿತು, ಆಗ ಕೈಗೆ ಬಂದ ಫೋನು ಹೋಗಲಿಲ್ಲ. ಈಗ ಪ್ರತಿ ಮಳೆಗಾಲದಲ್ಲೂ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ಸುದ್ದಿ ಬಂದ ಕೂಡಲೇ ಮಕ್ಕಳ ಕೈ ಮೊದಲು ಹೋಗುವುದು ಚಾರ್ಜರಿನ ಕಡೆಗೆ. ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಊರಿನ ಮಕ್ಕಳನ್ನು ಆ ಎರಡು ವರ್ಷವೂ ನೋಡಿದ್ದೇನೆ, ಈಗಲೂ ನೋಡುತ್ತಿದ್ದೇನೆ. ನನಗೆ ಕಂಡದ್ದು ಇಷ್ಟು: ಶಾಲೆ ಮುಚ್ಚಿದಾಗ ಪಾಠ ನಿಂತದ್ದಕ್ಕಿಂತ ಹೆಚ್ಚಿನ ನಷ್ಟವಾದದ್ದು ಜೊತೆ ತಪ್ಪಿದ್ದರಿಂದ. ಆ ಖಾಲಿ ಜಾಗಕ್ಕೆ ಫೋನು ಬಂದು ಕೂತಿತು. ಫೋನು ಕಸಿದರೆ ಜಾಗ ಮತ್ತೆ ಖಾಲಿಯಾಗುತ್ತದೆ, ಅಷ್ಟೇ. ಅಲ್ಲಿ ಮನುಷ್ಯರು ಬಂದು ಕೂರಬೇಕು. ಮಕ್ಕಳನ್ನು ಸಾಕುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಈ ಹಿರಿಯನ ಮಾತುಗಳು ಆ ಲೆಕ್ಕದಲ್ಲೇ ಇವೆ.

ಮನೆಯಲ್ಲಿ

• ಫೋನಿನ ಜಾಗ ಜಗುಲಿ. ಕೊರೊನಾ ಕಾಲದಲ್ಲಿ ಸಿಗ್ನಲ್ ಸಿಗುವ ಕಡೆ ಮಕ್ಕಳು ಕೂರಬೇಕಾಗಿತ್ತು. ಮೆತ್ತಿನ ಮೂಲೆ, ಕೊಟ್ಟಿಗೆಯ ಹಿಂದೆ, ಗುಡ್ಡದ ನೆತ್ತಿ, ಎಲ್ಲಿ ಎರಡು ಕಡ್ಡಿ ಬಂತೋ ಅಲ್ಲೇ ಶಾಲೆ. ಹಾಗೆ ಒಬ್ಬೊಬ್ಬರೇ ಕೂತು ನೋಡುವ ಅಭ್ಯಾಸ ಆಯಿತು. ಈಗ ಆ ಅಗತ್ಯ ಬಹಳ ಮನೆಗಳಲ್ಲಿ ಇಲ್ಲ. ಚಾರ್ಜರನ್ನು ಜಗುಲಿಯ ಪ್ಲಗ್ಗಿಗೇ ಹಾಕಿ ಇಡಿ. ಹೋಗಿ ಬರುವವರ ಕಣ್ಣಿಗೆ ಬೀಳುವಲ್ಲಿ ಮಗು ನೋಡಲಿ. ಕಾವಲು ಕೂರಬೇಕಾಗಿಲ್ಲ, "ಎಂತ ನೋಡ್ತಿದ್ಯೋ ತಮಾ, ನಂಗೂ ತೋರ್ಸು" ಎಂದು ಪಕ್ಕದಲ್ಲಿ ಕೂತರೆ ಸಾಕು.

• ರಾತ್ರಿಯ ಹೋಮ್‌ವರ್ಕ್ ನಿಲ್ಲಿಸಿ. ಕೊರೊನಾ ಕಾಲದಲ್ಲಿ ಬಹಳ ಮನೆಗಳಲ್ಲಿ ಇದ್ದದ್ದು ಒಂದೇ ದೊಡ್ಡ ಫೋನು. ಅದು ಅಪ್ಪನ ಕಿಸೆಯಲ್ಲಿ ತೋಟಕ್ಕೋ, ಪೇಟೆಯ ಕೆಲಸಕ್ಕೋ ಹೋಗಿ ಕತ್ತಲಾದ ಮೇಲೆ ಮನೆಗೆ ಬರುತ್ತಿತ್ತು. ಮೂರು ಮಕ್ಕಳು ಸರದಿ ಕಾದು ವಾಟ್ಸ್‌ಆ್ಯಪ್‌ನಲ್ಲಿ ಬಂದ ನೋಟ್ಸನ್ನು ದೊಡ್ಡದು ಮಾಡಿ ಮಾಡಿ ನೋಡಿ ಬರೆದುಕೊಳ್ಳುತ್ತಿದ್ದವು. ಆಗ ಬೇರೆ ದಾರಿ ಇರಲಿಲ್ಲ. ಈಗ ಶಾಲೆ ತೆರೆದಿದೆ, ಕರಿಹಲಗೆ ಇದೆ. ಎಸ್‌ಡಿಎಂಸಿ ಸಭೆಗೆ ಹೋದಾಗ ಮಾಸ್ತರರಿಗೆ, ಅಕ್ಕೋರಿಗೆ ಹೇಳಿ: ಮನೆಗೆಲಸವನ್ನು ತರಗತಿಯಲ್ಲೇ ಬರೆಸಿ ಕಳಿಸಿ, ಗ್ರೂಪಿಗೆ ಹಾಕಬೇಡಿ. "ಹೋಮ್‌ವರ್ಕ್ ನೋಡೂಕೆ" ಎಂಬ ನೆಪದಲ್ಲಿ ಕೈಗೆ ಬರುವ ಫೋನು ಬೇಗ ಕೆಳಗಿಳಿಯುವುದಿಲ್ಲ.

• ಮುಗಿಯುವಂಥದ್ದನ್ನು ತೋರಿಸಿ. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠ ಶುರುವಾಯಿತು. ಟಿವಿಯ ಮುಂದೆ ಅಣ್ಣ ತಂಗಿ ಒಟ್ಟಿಗೆ ಕೂತು ನೋಡಿದರು, ಅಜ್ಜಿಯೂ ನೋಡಿದಳು. ಹೊತ್ತಿಗೆ ಸರಿಯಾಗಿ ಪಾಠ ಮುಗಿಯಿತು, ಟಿವಿ ಬಂದ್ ಆಯಿತು. ಫೋನಿನಲ್ಲಿ ಕೆಳಗೆ ಎಳೆದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ದೊಡ್ಡವರಿಗೇ ತಿಳಿಯುವುದಿಲ್ಲ, ಆರು ವರ್ಷದ ಕೂಸಿಗೆ ತಿಳಿದೀತೆ? ಒಂದು ಸಿನಿಮಾ, ಒಂದು ಯಕ್ಷಗಾನ ಪ್ರಸಂಗ, ಒಂದು ಕ್ರಿಕೆಟ್ ಮ್ಯಾಚ್ ಎಂದು ಹೇಳಿ ಹಾಕಿಕೊಡಿ. ರೀಲ್ಸ್, ಶಾರ್ಟ್ಸ್ ಮಾತ್ರ ಸಣ್ಣವರಿಗೆ ಬೇಡವೇ ಬೇಡ.

• ವಯಸ್ಸಿಗೆ ತಕ್ಕ ಲೆಕ್ಕ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ದೊಡ್ಡ ಮಕ್ಕಳಿಗೆ ಲೆಕ್ಕವನ್ನು ತಿರುಗಿಸಿ ಹಾಕಿ. ಮೊದಲು ನಿದ್ದೆ, ಊಟ, ಆಟ, ಓದು, ಮನೆಯವರ ಜೊತೆ ಮಾತು. ಇವೆಲ್ಲ ಆಗಿ ಉಳಿದ ಹೊತ್ತಿನಲ್ಲಿ ಫೋನಿನ ಪಾಲು ಎಷ್ಟು ಎಂದು ಮಗುವನ್ನೇ ಕೂರಿಸಿಕೊಂಡು ನಿಶ್ಚಯಿಸಿ. ತಾನೂ ಸೇರಿ ಮಾಡಿದ ಕಟ್ಟಳೆಯನ್ನು ಮಗು ಸುಲಭಕ್ಕೆ ಮುರಿಯುವುದಿಲ್ಲ.

• ಹಾಸಿಗೆಗೆ ಫೋನು ಹೋಗಬಾರದು. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ತಾಸು, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ತಾಸು ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ಬೆಳಿಗ್ಗೆ ಸಿಡಿಮಿಡಿ, ಪಾಠದಲ್ಲಿ ಮಂಕು, ಸಣ್ಣ ಮಾತಿಗೆ ಅಳು: ಇವನ್ನು ಕಂಡಾಗ ಬೇರೆ ಕಾರಣ ಹುಡುಕುವ ಮೊದಲು ರಾತ್ರಿ ಎಷ್ಟು ಹೊತ್ತಿಗೆ ಮಲಗಿತು ಎಂದು ನೋಡಿ. ಅಲಾರಾಂಗೆ ಫೋನು ಬೇಕು ಎಂದರೆ ಶಿರಸಿ ಪೇಟೆಯಲ್ಲಿ ಗಡಿಯಾರ ಸಿಗುತ್ತದೆ.

• ಉಣ್ಣಿಸಲು ಫೋನು ಬೇಡ. ತುತ್ತು ಒಳಗೆ ಹೋಗುತ್ತದೆ ನಿಜ, ಹಸಿವು ತೀರಿದ್ದು ಮಗುವಿಗೆ ಗೊತ್ತಾಗುವುದಿಲ್ಲ.

• ನಡುವೆ ಕಸಿಯಬೇಡಿ. ಭಾಗವತರು ಪದ್ಯವನ್ನು ಅರ್ಧಕ್ಕೆ ಬಿಡುವುದಿಲ್ಲ, ಮುಕ್ತಾಯ ಮಾಡಿ ಚಂಡೆಗೆ ಬಿಡುತ್ತಾರೆ. ಆಟವನ್ನೂ ಹಾಗೆ ಮುಗಿಸಲು ಬಿಡಿ. "ಇದೊಂದು ಆಟ ಆದ್ಮೇಲೆ ಸಾಕು" ಎಂದು ಮೊದಲೇ ಹೇಳಿ, ಹೇಳಿದ ಮೇಲೆ ನಿಲ್ಲಿ. ಇವತ್ತು ಬಿಟ್ಟು ನಾಳೆ ಹೊಡೆದರೆ ಮಗು ಕಲಿಯುವುದು ನಿಮ್ಮ ಮುಖ ನೋಡಿ ಹೊತ್ತು ಕದಿಯುವುದನ್ನು. ಫೋನು ಕೆಳಗಿಟ್ಟ ಕೈಗೆ ತಕ್ಷಣ ಇನ್ನೊಂದು ಏನಾದರೂ ಇರಬೇಕು: ಹಲಸಿನ ಹಪ್ಪಳ ಸುಡುವುದೋ, ಚೆನ್ನೆಮಣೆಯೋ, ದನಕ್ಕೆ ಹುಲ್ಲು ಹಾಕುವುದೋ.

• ಅಜ್ಜ ಅಜ್ಜಿಯರಿಗೂ ಒಂದು ಮಾತು. ಕೊರೊನಾ ಕಾಲದಲ್ಲಿ ಸಾವಿನ ವಿಡಿಯೊ, ಸುಳ್ಳು ಮದ್ದು, ನಾಳೆಯಿಂದ ಅದು ಬಂದ್ ಇದು ಬಂದ್ ಎಂಬ ಸುದ್ದಿಗಳನ್ನು ಗ್ರೂಪಿನಿಂದ ಗ್ರೂಪಿಗೆ ದಾಟಿಸಿದವರಲ್ಲಿ ನಮ್ಮ ವಯಸ್ಸಿನವರೇ ಬಹಳ. ಅದನ್ನು ಜೋರಾಗಿ ಹಾಕಿ ಕೇಳುವಾಗ ಪಕ್ಕದಲ್ಲಿ ಮೊಮ್ಮಗು ಇರುತ್ತಿತ್ತು. ಅದು ಏನೂ ಪ್ರಶ್ನಿಸದಿದ್ದರೂ ರಾತ್ರಿ ಬೆಚ್ಚಿ ಏಳುತ್ತಿತ್ತು. ಭಯ ಹುಟ್ಟಿಸುವ ಸುದ್ದಿಯನ್ನು ಮಕ್ಕಳ ಎದುರು ಹಾಕಬೇಡಿ. ಮಗು ಕೇಳಿಬಿಟ್ಟರೆ ಸುಮ್ಮನಿರಿಸಬೇಡಿ, ಅದಕ್ಕೆ ತಿಳಿಯುವಷ್ಟು ಸತ್ಯ ಹೇಳಿ.

ಫೋನಿನಲ್ಲಿ

• ಮೊದಲು ಸೆಟ್ಟಿಂಗ್ಸ್ ಕಲಿಯಿರಿ. ಯೂಟ್ಯೂಬಿನಲ್ಲಿ ಆಟೋಪ್ಲೇ ಎಂಬುದನ್ನು ಆಫ್ ಮಾಡಿದರೆ ಒಂದು ವಿಡಿಯೊ ಮುಗಿದ ಮೇಲೆ ಇನ್ನೊಂದು ತಾನಾಗಿ ಓಡುವುದಿಲ್ಲ. ಸಣ್ಣವರಿಗೆ ಯೂಟ್ಯೂಬ್ ಕಿಡ್ಸ್ ಬೇರೆಯೇ ಇದೆ. ಗೂಗಲಿನ ಫ್ಯಾಮಿಲಿ ಲಿಂಕ್ ಪುಕ್ಕಟೆ. ಮಗುವಿನ ಹೆಸರಿನಲ್ಲಿ ಖಾತೆ ಮಾಡಿ ಹೊತ್ತು ಕಟ್ಟಬಹುದು, ರಾತ್ರಿ ತಾನಾಗಿ ಲಾಕ್ ಆಗುವಂತೆ ಮಾಡಬಹುದು, ಹೊಸ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕೆನ್ನುವಂತೆ ಮಾಡಬಹುದು. ಗೊತ್ತಾಗದಿದ್ದರೆ ಕಾಲೇಜಿಗೆ ಹೋಗುವ ಅಕ್ಕಪಕ್ಕದ ಹುಡುಗಿಯನ್ನು ಕರೆದು ಮಾಡಿಸಿಕೊಳ್ಳಿ. ಆದರೆ ಇದನ್ನು ಮಗುವಿಗೆ ಹೇಳಿಯೇ ಮಾಡಿ. ಕದ್ದು ಹಾಕಿದ ಬೀಗವನ್ನು ಕದ್ದು ತೆಗೆಯಲು ಮಕ್ಕಳಿಗೆ ಬರುತ್ತದೆ.

• ನಿಷೇಧವನ್ನು ನಂಬಿ ಕೂರಬೇಡಿ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಹೋಯಿತು, ಸೆಪ್ಟೆಂಬರ್ 2ಕ್ಕೆ ಪಬ್ಜಿ ಹೋಯಿತು, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು. ಮಕ್ಕಳು ಒಂದು ವಾರ ಬೇಜಾರು ಮಾಡಿಕೊಂಡು ಇನ್ನೊಂದಕ್ಕೆ ಹೋದರು. ಸರ್ಕಾರ ಒಂದು ಆ್ಯಪನ್ನು ತೆಗೆಯಬಹುದು, ಮಗುವಿಗೆ ಗೆಳೆಯನನ್ನು ಕೊಡಲಾರದು. ಆ ಆಟಗಳಲ್ಲಿ ಮಕ್ಕಳನ್ನು ಹಿಡಿದದ್ದು ಬಂದೂಕೊಂದೇ ಅಲ್ಲ. ಹೆಡ್‌ಸೆಟ್ ಹಾಕಿಕೊಂಡು ಸಂಗಡಿಗರ ಜೊತೆ ಮಾತಾಡುತ್ತ ಆಡಬಹುದಾಗಿತ್ತು. ಅದು ಗೊತ್ತಾದರೆ ಪರಿಹಾರದ ದಾರಿಯೂ ಗೊತ್ತಾಗುತ್ತದೆ.

• ದುಡ್ಡಿನ ಪಿನ್ ಮಕ್ಕಳಿಗೆ ತಿಳಿಯಬಾರದು. ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುವಾಗ "ನೀನೇ ಒತ್ತು" ಎಂದು ಫೋನು ಕೊಡುತ್ತೇವೆ. ಆಟದೊಳಗೆ ಬಟ್ಟೆ, ಬಂದೂಕು, ವಜ್ರ ಕೊಳ್ಳುವುದಕ್ಕೂ ಅದೇ ಪಿನ್ ಸಾಕು. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಯಾರೋ ಮೋಸ ಮಾಡಿ ಹಣ ಎಳೆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು.

• ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಗುರುತಿಲ್ಲದವರು ಫೋಟೊ ಕೇಳಿದರೆ, ಹೆದರಿಸಿದರೆ, ಗುಟ್ಟಾಗಿ ಇಡು ಎಂದರೆ ಮಗು ಯಾರಿಗೆ ಹೇಳಬೇಕು? ಹೇಳಿದರೆ ಫೋನು ಹೋಗುತ್ತದೆ, ಪೆಟ್ಟು ಬೀಳುತ್ತದೆ ಎಂದಿದ್ದರೆ ಅದು ಹೇಳುವುದಿಲ್ಲ. ಹೆಣ್ಣುಮಕ್ಕಳಂತೂ ಶಾಲೆಯನ್ನೇ ಬಿಡಿಸಿಯಾರು ಎಂದು ಹೆದರುತ್ತವೆ. "ಏನೇ ಆಗಲಿ ನಮ್ಮ ಹತ್ರ ಹೇಳು, ತಪ್ಪು ನಿಂದಲ್ಲ" ಎಂಬ ಮಾತು ತೊಂದರೆ ಬರುವ ಮೊದಲೇ ಮಗುವಿನ ಕಿವಿಗೆ ಬಿದ್ದಿರಲಿ. ಬಂದ ಸಂದೇಶವನ್ನು ಅಳಿಸಬೇಡಿ, ಅದು ಸಾಕ್ಷಿ. ಮಕ್ಕಳ ಸಹಾಯವಾಣಿ 1098; ಅಲ್ಲಿಗೆ ಮಗುವೇ ಕರೆ ಮಾಡಬಹುದು.

• ಬೇಕಾದ್ದನ್ನು ಇಳಿಸಿಟ್ಟುಕೊಳ್ಳಿ. ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಟವರೂ ಸ್ವಲ್ಪ ಹೊತ್ತಿಗೆ ಮಲಗುತ್ತದೆ. ಸಿಗ್ನಲಿಗಾಗಿ ಮಗು ಮಳೆಯಲ್ಲಿ ರಸ್ತೆಗೆ ಓಡುವುದು ಬೇಡ. 2021ರ ಜೂನ್‌ನಲ್ಲಿ ಸುಳ್ಯದ ಕಡೆಯ ಹುಡುಗಿಯೊಬ್ಬಳು ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದದ್ದು, ಅಪ್ಪ ಕೊಡೆ ಹಿಡಿದು ನಿಂತದ್ದು ಪತ್ರಿಕೆಗಳಲ್ಲಿ ಬಂತು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಗುಡ್ಡಗಳಲ್ಲೂ ಮಕ್ಕಳು ತಾಡಪಾಲಿನ ಕೆಳಗೆ ಕೂತು, ಫೋನಿಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ಪಾಠ ಕೇಳಿದವು. ಆ ಮಕ್ಕಳ ಹಟಕ್ಕೆ ಕೈಮುಗಿಯಬೇಕು. ಆದರೆ ಓದಲು ಬೇಕಾದ ನಾಲ್ಕು ವಿಡಿಯೊವನ್ನು ಸಿಗ್ನಲ್ ಇದ್ದಾಗಲೇ ಇಳಿಸಿಟ್ಟರೆ ಇಂಟರ್ನೆಟ್ ಬಂದ್ ಮಾಡಿಯೂ ನೋಡಬಹುದು, ಬೇರೆ ಕಡೆ ಕಣ್ಣು ಹಾಯುವುದಿಲ್ಲ.

ಅಂಗಳದಲ್ಲಿ, ಊರಿನಲ್ಲಿ

• ವಿದ್ಯಾಗಮವನ್ನು ಮರೆಯಬೇಡಿ. 2020ರ ಆಗಸ್ಟಿನಲ್ಲಿ ಮಾಸ್ತರರು, ಅಕ್ಕೋರು ಊರೂರಿಗೆ ಹೋಗಿ, ದೇವಸ್ಥಾನದ ಕಟ್ಟೆ, ಮರದಡಿ, ಸಮುದಾಯ ಭವನ ಎಂದು ಸಿಕ್ಕಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು, ಮತ್ತೆ 2021ರ ಜನವರಿಯಲ್ಲಿ ಶುರುವಾಯಿತು. ಕೂತದ್ದು ದೂರ ದೂರ, ಮುಖಕ್ಕೆ ಮಾಸ್ಕು. ಆದರೂ ಮಕ್ಕಳು ಹೊತ್ತಿಗೆ ಮೊದಲೇ ಬಂದು ಕಾಯುತ್ತಿದ್ದವು. ಅವಕ್ಕೆ ಬೇಕಿದ್ದದ್ದು ಒಂದಿಷ್ಟು ಪಾಠ, ಬಹಳಷ್ಟು ಜೊತೆ. ಈ ಕೇರಿಯ ನಾಲ್ಕು ಮಕ್ಕಳು ಆ ಕೇರಿಯ ಮೂರು ಮಕ್ಕಳು ಸಂಜೆ ಒಂದು ಮನೆಯಲ್ಲಿ ಸೇರಿ ಓದುವುದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

• ಕಣ್ಣಿಗೆ ಬಯಲು ತೋರಿಸಿ. ಚೀನಾದ ಫೀಚೆಂಗ್ ಎಂಬಲ್ಲಿ ಶಾಲಾ ಮಕ್ಕಳ ಕಣ್ಣು ಪರೀಕ್ಷಿಸಿದಾಗ, 2020ರ ಗೃಹಬಂಧನದ ನಂತರ ಆರರಿಂದ ಎಂಟು ವರ್ಷದವರಲ್ಲಿ ಸಮೀಪದೃಷ್ಟಿ ಹಿಂದಿನ ವರ್ಷಗಳಿಗಿಂತ ಬಹಳ ಹೆಚ್ಚಿತ್ತು. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಈ ತೊಂದರೆ ಕಡಿಮೆ. ಓದುವಾಗಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಕಿಟಕಿಯಿಂದ ಅಡಿಕೆ ಮರದ ತುದಿ ಕಾಣುವ ನಮ್ಮೂರಿನಲ್ಲಿ ಇದು ಕಷ್ಟವೇ? ಹಲಗೆಯ ಅಕ್ಷರ ಕಾಣುವುದಿಲ್ಲ ಎಂದು ಮಗು ಹೇಳಿದರೆ ಓದದಿರಲು ಹೂಡಿದ ಆಟ ಎಂದುಕೊಳ್ಳದೆ ಕಣ್ಣು ತೋರಿಸಿ.

• ಬೆಟ್ಟಕ್ಕೆ ಕಳಿಸುವಾಗ ಉಣ್ಣಿಯ ನೆನಪಿರಲಿ. ಹೊರಗೆ ಆಡಲಿ ಎಂದೆ, ಆದರೆ ನಮ್ಮ ಸೀಮೆಯಲ್ಲಿ, ಅದರಲ್ಲೂ ಸಿದ್ದಾಪುರದ ಕಡೆ, ಚಳಿಗಾಲದಿಂದ ಬೇಸಿಗೆಯವರೆಗೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಭಯ ಇದೆ. ಮಂಗ ಸತ್ತ ಸುದ್ದಿ ಬಂದ ಕಡೆ ಕಾಡಿಗೆ ಬಿಡಬೇಡಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿಸಿ. ಆ ದಿನಗಳಲ್ಲಿ ಅಂಗಳ, ಗದ್ದೆ ಬಯಲು ಸಾಕು. ಲಗೋರಿಗೆ ಏಳು ಕಲ್ಲು, ಒಂದು ಬಟ್ಟೆ ಚೆಂಡು.

• ಪಂಚಾಯ್ತಿ ಗ್ರಂಥಾಲಯದಲ್ಲಿ ಮಗುವಿನ ಹೆಸರು ಬರೆಸಿ. ಶಾಲೆ ಮುಚ್ಚಿದ್ದ ಕಾಲದಲ್ಲೇ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಬಂದು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ. ಮಗುವನ್ನು ಒಂಟಿಯಾಗಿ ಅಟ್ಟಬೇಡಿ, ಇಬ್ಬರು ಗೆಳೆಯರ ಜೊತೆ ಕಳಿಸಿ. ತಂದ ಪುಸ್ತಕದ ಕತೆಯನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿಸಿ.

• ಕೆಲಸದಲ್ಲಿ ಸೇರಿಸಿಕೊಳ್ಳಿ, ಕೆಲಸಕ್ಕೆ ಹಾಕಬೇಡಿ. ಅಡಿಕೆ ಸುಲಿಯುವಾಗ, ಹಪ್ಪಳ ಹಚ್ಚುವಾಗ ಮಗು ಪಕ್ಕದಲ್ಲಿ ಕೂತರೆ ಎಷ್ಟೋ ಮಾತು ತಾನಾಗಿ ಹೊರಗೆ ಬರುತ್ತದೆ. ಎದುರು ಕೂರಿಸಿ "ಏನಾಗಿದೆ ಹೇಳು" ಎಂದರೆ ಬಾರದ ಮಾತು ಅದು. ಆದರೆ ರಜೆಯ ಕೂಲಿ ರೂಢಿಯಾಗಿ ಶಾಲೆಯೇ ತಪ್ಪಬಾರದು.

ಮನಸ್ಸು ಕುಗ್ಗಿದಾಗ

• ಹದಿಹರೆಯದವರ ಸಿಟ್ಟಿನ ಹಿಂದೆ ಏನಿದೆ ನೋಡಿ. 2021ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುತ್ತದೋ ಇಲ್ಲವೋ ಎಂದು ಮಕ್ಕಳು ತಿಂಗಳುಗಟ್ಟಲೆ ಕಾದವು. ಕೊನೆಗೆ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಮುಗಿಯಿತು. ದ್ವಿತೀಯ ಪಿಯುಸಿಯವರಿಗೆ ಪರೀಕ್ಷೆಯೇ ರದ್ದಾಯಿತು. ಗುರಿ ಇಲ್ಲದೆ ಕಾಯುವುದು ದೊಡ್ಡವರಿಗೂ ಕಷ್ಟ. ಹಗಲು ಮಲಗಿ ರಾತ್ರಿ ಫೋನು ನೋಡುವ ರೂಢಿ ಬಹಳ ಮಕ್ಕಳಿಗೆ ಹತ್ತಿದ್ದು ಆಗಲೇ. ಬುದ್ಧಿ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ಬಾಯಿ ಹಾಕಬೇಡಿ.

• ಎರಡು ವಾರದ ಲೆಕ್ಕ ಇಡಿ. ಒಂದು ದಿನದ ಬೇಜಾರು ಯಾರಿಗಿಲ್ಲ? ಆದರೆ ಎರಡು ವಾರ ಕಳೆದರೂ ಇಷ್ಟದ ತಿಂಡಿ ಬೇಡ, ಗೆಳೆಯರು ಬೇಡ, ನಿದ್ದೆ ಇಲ್ಲ, ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು ಎಂದರೆ ಅದು ಸೋಮಾರಿತನ ಅಲ್ಲ. ಸಾಯುವ ಮಾತು ಬಂದರೆ ಎರಡು ವಾರ ಕಾಯಲೇಬೇಡಿ. ತಮಾಷೆ ಎಂದುಕೊಳ್ಳಬೇಡಿ, ಗದರಬೇಡಿ. ಒಂಟಿಯಾಗಿ ಬಿಡದೆ ಅಂದೇ ಸಹಾಯ ಕೇಳಿ.

• "ಅಡಿಕ್ಟ್" ಎಂದು ಕರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿರುವುದು ನಿಜ. ಆದರೆ ಹತೋಟಿ ತಪ್ಪಬೇಕು, ಬಾಕಿ ಎಲ್ಲದಕ್ಕಿಂತ ಆಟವೇ ಮುಂದಾಗಬೇಕು, ಹಾನಿ ಕಂಡರೂ ಬಿಡಲಾಗಬಾರದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಾಣಬೇಕು ಎಂಬ ನಿಯಮ ಅಲ್ಲಿದೆ. ಹಣೆಪಟ್ಟಿ ಕಟ್ಟುವುದು ವೈದ್ಯರ ಕೆಲಸ. ಊರವರೆದುರು, ನೆಂಟರೆದುರು ಮಗುವಿನ ಫೋನಿನ ಕತೆ ಹೇಳಿ ನಗಬೇಡಿ.

• ಹರಕೆಯೂ ಇರಲಿ, ವೈದ್ಯರೂ ಇರಲಿ. ಮಾರಿಕಾಂಬೆಗೆ ಹರಕೆ ಹೊತ್ತರೆ ಬೇಡ ಎನ್ನುವುದಿಲ್ಲ, ಜೊತೆಗೆ 14416ಕ್ಕೂ ಕರೆ ಮಾಡಿ. ಅದು ಟೆಲಿ ಮಾನಸ್. 2022ರ ಅಕ್ಟೋಬರಿನಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಗೆ ಹೋದಾಗ ಮನೋವೈದ್ಯರು ಸಿಗುವ ದಿನ ಯಾವುದು ಎಂದು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್ ಗೀಳಿಗೇ ಶಟ್ ಕ್ಲಿನಿಕ್ ಎಂಬುದು 2014ರಿಂದ ನಡೆಯುತ್ತಿದೆ. ಜ್ವರಕ್ಕೆ ಆಸ್ಪತ್ರೆಗೆ ಹೋಗಲು ನಾಚದವರು ಇದಕ್ಕೂ ನಾಚಬೇಕಾಗಿಲ್ಲ.

• ಮನೆಯವರನ್ನು ಕಳೆದುಕೊಂಡ ಮಕ್ಕಳನ್ನು ಮರೆಯಬೇಡಿ. ಅಪ್ಪನನ್ನೋ ಅಮ್ಮನನ್ನೋ ಕೊರೊನಾಕ್ಕೆ ಕಳೆದುಕೊಂಡ ಮಕ್ಕಳಿಗೆ ಆಗ ಹತ್ತಾರು ಜನ ಕೂಡಿ ಅಳುವ ಅವಕಾಶವೂ ಸಿಗಲಿಲ್ಲ. ಅಂಥ ಮಗು ಸತ್ತವರ ಹಳೇ ವಾಯ್ಸ್ ಮೆಸೇಜು, ಫೋಟೊ ನೋಡುತ್ತ ಕೂತರೆ ಫೋನಿನ ಗೀಳು ಎಂದು ಬೈಯಬೇಡಿ, ಜೊತೆಗೆ ಕೂತು ನೋಡಿ. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲಸೇವಾ ಯೋಜನೆಯನ್ನು ಸರ್ಕಾರ 2021ರ ಮೇ ತಿಂಗಳಲ್ಲಿ ಘೋಷಿಸಿತು. ಹಣದ ಆಸರೆ ಅದು. ಮಾತಿನ ಆಸರೆ ನಾವೇ ಆಗಬೇಕು.

• ಮುಂದಿನ ಮಳೆ ರಜೆಗೆ ಇವತ್ತೇ ಸಿದ್ಧತೆ ಮಾಡಿ. ರಜೆಯ ಸುದ್ದಿ ಬಂದ ಮೇಲೆ ರಿಚಾರ್ಜ್ ಬಗ್ಗೆ ಯೋಚಿಸುವ ಬದಲು, ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಕೂತು ಮಾತಾಡಿಕೊಳ್ಳಿ: ಮೊದಲ ದಿನ ಮಕ್ಕಳು ಯಾರ ಮನೆಯಲ್ಲಿ ಸೇರುತ್ತವೆ, ಎರಡನೆಯ ದಿನ ಯಾರ ಮನೆ, ಹಳ್ಳ ದಾಟಿಸಿ ಕರೆತರುವವರು ಯಾರು, ಮಧ್ಯಾಹ್ನದ ಗಂಜಿ ಯಾರದು, ಜಗುಲಿಯಲ್ಲಿ ಕೂತು ಕತೆ ಹೇಳುವ ಅಜ್ಜ ಅಜ್ಜಿ ಯಾರು. ಒಂದು ಹಾಳೆಯಲ್ಲಿ ಹೆಸರು ಬರೆದು ಗೋಡೆಗೆ ಅಂಟಿಸಿ, ಕೆಳಗೆ 1098, 14416, 1930 ಎಂಬ ಮೂರು ನಂಬರ್ ಬರೆಯಿರಿ. ಎಕ್ಕಂಬಿಯಲ್ಲಿ ಮಾಡುವುದಾದರೆ ಕತೆ ಹೇಳುವವರ ಸಾಲಿನಲ್ಲಿ ನನ್ನ ಹೆಸರನ್ನೂ ಸೇರಿಸಿ.